75 ಡಾಲರಿನ ಆಟ

ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಸೆಟ್ಟಿಂಗ್ಸ್ ತೆರೆಯಿರಿ. ತೀರಾ ಕೆಳಗೆ 'ಅಬೌಟ್ ಫೋನ್' ಅಥವಾ 'ಫೋನ್ ಕುರಿತು' ಅಂತ ಇರುತ್ತದೆ. ಅದರೊಳಗೆ ಹೋಗಿ ಹುಡುಕಿದರೆ 'ಕರ್ನಲ್ ವರ್ಷನ್' ಎಂಬ ಸಾಲು ಸಿಗುತ್ತದೆ. ಕೆಲವು ಫೋನುಗಳಲ್ಲಿ 'ಆಂಡ್ರಾಯ್ಡ್ ವರ್ಷನ್' ಮೇಲೆ ಒತ್ತಿದ ಮೇಲೆ ಕಾಣುತ್ತದೆ. ಎದುರಿಗೆ ಒಂದಿಷ್ಟು ಅಂಕಿ, ಚುಕ್ಕಿ. ಸಾಲಪತ್ರದ ಕೊನೆಯ ಸಣ್ಣ ಅಕ್ಷರಗಳ ಹಾಗೆ ಅದನ್ನು ಯಾರೂ ಓದುವುದಿಲ್ಲ.

ಆ ಒಂದು ಸಾಲಿನ ಹಿಂದೆ ಅರವತ್ತು ವರ್ಷದ ಕಥೆಯಿದೆ. ಅದರಲ್ಲಿ ಎರಡು ಆಟ ಇವೆ, ಒಂದು ಚಂದ್ರಯಾನ ಇದೆ, ಒಂದು ದೊಡ್ಡ ಕೇಸು ಇದೆ, ಕದ್ದು ಮಾಡಿಸಿದ ಜೆರಾಕ್ಸ್ ಪ್ರತಿಗಳೂ ಇವೆ. "ಆಟ ಆಡಿ ಯಾರೂ ಉದ್ಧಾರ ಆಗಿಲ್ಲ" ಅಂತ ಮನೆಯಲ್ಲಿ ದಿನಾ ಹೇಳುವವರು ಕೊಂಚ ಗಟ್ಟಿಯಾಗಿ ಕೂತುಕೊಳ್ಳಿ.

ಈ ಕಥೆ ನನಗೆ ಯಾಕೆ ಮುಖ್ಯ ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ ಹೈಸ್ಕೂಲಿನಲ್ಲಿ ಒಂದು ಕಂಪ್ಯೂಟರ್ ರೂಮಿತ್ತು. ಕಿಟಕಿಗೆ ಪರದೆ, ಬಾಗಿಲಿಗೆ ಬೀಗ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಐದು ಕಂಪ್ಯೂಟರುಗಳಿಗೆ ಟವೆಲ್ ಹೊದಿಸಿದ್ದರು. "ಮುಟ್ಟಬೇಡಿ, ಕೆಟ್ಟುಹೋಗುತ್ತೆ" ಅನ್ನುವುದೇ ಮೊದಲ ಪಾಠ, ಮೂರು ವರ್ಷದ ಕೊನೆಗೆ ನೋಡಿದರೆ ಅದೇ ಕೊನೆಯ ಪಾಠವೂ ಆಗಿತ್ತು. ಆಯುಧಪೂಜೆ ದಿನ ಟವೆಲ್ ತೆಗೆದು ಕುಂಕುಮ ಹಚ್ಚುತ್ತಿದ್ದರು. ಆ ಯಂತ್ರಗಳು ಸವೆದು ಕೆಡಲಿಲ್ಲ, ಕೂತು ಕೂತೇ ಕೆಟ್ಟವು. 'ಮುಟ್ಟಬೇಡ' ಎಂಬ ಮಾತಿನ ಭಾರವನ್ನು ನಮ್ಮ ಹಳ್ಳಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರಿನ ಇತಿಹಾಸ ಓದುತ್ತಾ ಹೋದಂತೆ ನನಗೆ ಕಂಡದ್ದು ಇಷ್ಟು: ಅದು ಯಂತ್ರಗಳ ಇತಿಹಾಸ ಆಗಿರುವಷ್ಟೇ, ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಎಂಬುದರ ಇತಿಹಾಸ ಕೂಡ ಹೌದು.

ಗರ್ಭಗುಡಿಯ ಯಂತ್ರ

1950ರ ದಶಕದ ಅಮೆರಿಕ. ಆಗ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವ ಯಂತ್ರ. ಮ್ಯಾಸಚೂಸೆಟ್ಸ್‌ನ ಎಂಐಟಿ ಎಂಬ ಹೆಸರಾಂತ ವಿದ್ಯಾಸಂಸ್ಥೆಯಲ್ಲೂ ಐಬಿಎಂ ಕಂಪನಿಯ ಅಂಥದ್ದೊಂದು ಯಂತ್ರವಿತ್ತು. ವಿದ್ಯಾರ್ಥಿಗಳು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಲೆಕ್ಕವನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ ತಯಾರು ಮಾಡಿ, ಆ ಕಟ್ಟನ್ನು ಆಪರೇಟರ್ ಕೈಗೆ ಕೊಟ್ಟು ಹೊರಗೆ ಕಾಯಬೇಕು. ಹಣ್ಣುಕಾಯಿ ತಟ್ಟೆ ಕೊಟ್ಟು ಹೊಸ್ತಿಲಾಚೆ ನಿಂತ ಹಾಗೆ. ಪೂಜೆ ಒಳಗೆ, ಪ್ರಸಾದ ಆಮೇಲೆ. ಒಂದು ಕಾರ್ಡಿನಲ್ಲಿ ತಪ್ಪಿದ್ದರೆ ಪ್ರಸಾದವೂ ಇಲ್ಲ, ಮತ್ತೆ ಮೊದಲಿನಿಂದ ಸರದಿ. ಇದು ನಾನು ಕಟ್ಟಿದ ಹೋಲಿಕೆ ಅಂದುಕೊಳ್ಳಬೇಡಿ. ಅಲ್ಲಿನ ಹುಡುಗರೇ ಆ ಆಪರೇಟರುಗಳನ್ನು ಪುರೋಹಿತರ ಗುಂಪು ಅಂತ ಕರೆಯುತ್ತಿದ್ದರು.

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ತೂಕ 83.6 ಕಿಲೋ, ಒಂದು ಮೂಟೆ ಭತ್ತಕ್ಕಿಂತ ಸ್ವಲ್ಪ ಜಾಸ್ತಿ ಅನ್ನಿ. ತಲೆಯ ಮೇಲೆ ಬೀಪ್ ಬೀಪ್ ಅನ್ನುತ್ತಾ ತಿರುಗುವ ಆ ಉಂಡೆ ನೋಡಿ ಅಮೆರಿಕ ಬೆಚ್ಚಿಬಿತ್ತು. ವಿಜ್ಞಾನಕ್ಕೆ, ಕಂಪ್ಯೂಟರಿಗೆ, ರಾಕೆಟ್ಟಿಗೆ ಸರ್ಕಾರದ ದುಡ್ಡು ಹರಿಯತೊಡಗಿತು. ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದರೆ ನಮ್ಮ ಮನೆಯಲ್ಲಿ ಏನೇನು ನಡೆಯುತ್ತದೋ, ಅಲ್ಲಿ ದೇಶದ ಮಟ್ಟದಲ್ಲಿ ಅದೇ ನಡೆಯಿತು.

1961ರಲ್ಲಿ ಎಂಐಟಿಗೆ ಪಿಡಿಪಿ-1 ಎಂಬ ಹೊಸ ಕಂಪ್ಯೂಟರ್ ಬಂತು. ಬೆಲೆ ಸುಮಾರು 1,20,000 ಡಾಲರ್. ಮಾಡಿದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಅದನ್ನು ಸಂಸ್ಥೆಗೆ ದಾನವಾಗಿ ಕೊಟ್ಟಿತ್ತು. ಅದಕ್ಕೊಂದು ದುಂಡನೆಯ ಪರದೆ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಗಳು ಅದರ ಮುಂದೆ ಕುರ್ಚಿ ಎಳೆದುಕೊಂಡು ತಾವೇ ಕೂರಬಹುದಿತ್ತು. ಹೊಸ್ತಿಲು ದಾಟಲು ಬಿಟ್ಟರು.

ಒಳಗೆ ಬಿಟ್ಟ ಹುಡುಗರು ಏನು ಮಾಡಿದರು? ಆಟ ಕಟ್ಟಿದರು.

ಎರಡು ನೌಕೆ, ಒಂದು ನಕ್ಷತ್ರ

ಆಟದ ಹೆಸರು ಸ್ಪೇಸ್‌ವಾರ್. ಯೋಚನೆ ಸ್ಟೀವ್ ರಸೆಲ್, ಮಾರ್ಟಿನ್ ಗ್ರೇಟ್ಸ್ ಮತ್ತು ವೇಯ್ನ್ ವಿಟಾನೆನ್ ಎಂಬ ಮೂವರದು. ಬರೆಯುವ ಹೊಣೆ ರಸೆಲ್ ಮೇಲೆ ಬಿತ್ತು. ಆತ ಸೋಮಾರಿತನಕ್ಕೆ ಹೆಸರಾದವನು. ನೌಕೆ ತಿರುಗಿಸಲು ಬೇಕಾದ ತ್ರಿಕೋನಮಿತಿಯ ಲೆಕ್ಕದ ಭಾಗ ನನ್ನ ಹತ್ತಿರ ಇಲ್ಲವಲ್ಲ ಅಂತ ನೆಪ ಹೇಳಿಕೊಂಡು ತಿರುಗುತ್ತಿದ್ದ. ಗೆಳೆಯ ಅಲನ್ ಕೋಟಕ್ ಸೀದಾ ಯಂತ್ರ ಮಾಡಿದ ಕಂಪನಿಗೇ ಹೋಗಿ ಆ ಭಾಗವನ್ನು ತಂದು ಮುಂದಿಟ್ಟ. ಇನ್ನು ನೆಪ ಉಳಿಯಲಿಲ್ಲ. 1962ರ ಮೊದಲ ತಿಂಗಳುಗಳಲ್ಲಿ ಆಟ ಸಿದ್ಧವಾಯಿತು.

ಪರದೆಯ ಮೇಲೆ ಎರಡು ನೌಕೆ, ಇಬ್ಬರು ಆಟಗಾರರು, ಒಬ್ಬರ ಮೇಲೊಬ್ಬರು ಗುಂಡು ಹಾರಿಸಬೇಕು. ಡ್ಯಾನ್ ಎಡ್ವರ್ಡ್ಸ್ ಎಂಬಾತ ನಡುವೆ ಒಂದು ನಕ್ಷತ್ರ ಕೂರಿಸಿ ಅದಕ್ಕೆ ಗುರುತ್ವ ಕೊಟ್ಟ. ಈಗ ನೌಕೆ ಸುಮ್ಮನಿದ್ದರೆ ನಕ್ಷತ್ರಕ್ಕೆ ಬಿದ್ದು ಸುಡುತ್ತದೆ. ಜಾಣ ಆಟಗಾರ ಅದೇ ಸೆಳೆತ ಬಳಸಿ, ಕವಣೆ ಬೀಸಿದ ಹಾಗೆ ಸುತ್ತು ಹಾಕಿ ವೇಗ ಪಡೆಯುತ್ತಾನೆ. ಪೀಟರ್ ಸ್ಯಾಮ್ಸನ್ ಎಂಬ ಇನ್ನೊಬ್ಬನಿಗೆ ಹಿನ್ನೆಲೆಯ ಚುಕ್ಕಿಗಳು ಮನಸ್ಸಿಗೆ ಬಂದ ಹಾಗೆ ಬಿದ್ದಿರುವುದು ಸರಿಕಾಣಲಿಲ್ಲ. ನಕ್ಷತ್ರಪಟ ಹಿಡಿದು ಕೂತು ನಿಜವಾದ ಆಕಾಶವನ್ನೇ ಯಂತ್ರಕ್ಕೆ ತುಂಬಿದ. ಯಂತ್ರದ ಸ್ವಿಚ್ಚುಗಳನ್ನೇ ಒತ್ತಿ ಆಡುವಾಗ ಮೊಣಕೈ ನೋಯುತ್ತದೆ ಅಂತ ಕೋಟಕ್ ಮತ್ತು ಬಾಬ್ ಸಾಂಡರ್ಸ್ ಬೇರೆ ಬೇರೆ ಸಣ್ಣ ಪೆಟ್ಟಿಗೆ ಮಾಡಿ ಕೈಗೆ ಕೊಟ್ಟರು. ಇವತ್ತು ಮಕ್ಕಳು ಹಿಡಿಯುವ ಗೇಮ್ ಕಂಟ್ರೋಲರಿನ ಹಿರಿಯಜ್ಜ ಅದು.

ಆಟದ ಬರಹ ಎಲ್ಲರಿಗೂ ತೆರೆದಿತ್ತು. ಪೇಟೆಂಟ್ ಇಲ್ಲ, ಬೆಲೆ ಇಲ್ಲ. ಯಂತ್ರ ಮಾಡಿದ ಕಂಪನಿಯೇ ಹೊಸ ಯಂತ್ರ ಸರಿಯಿದೆಯೋ ಇಲ್ಲವೋ ಅಂತ ನೋಡಲು ಈ ಆಟವನ್ನು ಓಡಿಸಿ ಪರೀಕ್ಷಿಸತೊಡಗಿತು. ರಸೆಲ್‌ಗೆ ಇದರಿಂದ ಒಂದು ಕಾಸೂ ಬರಲಿಲ್ಲ. ಇದೇ ಆಟ ನೋಡಿ ಮರುಳಾದ ನೋಲನ್ ಬುಶ್ನೆಲ್ 1971ರಲ್ಲಿ ನಾಣ್ಯ ಹಾಕಿ ಆಡುವ ಕಂಪ್ಯೂಟರ್ ಸ್ಪೇಸ್ ತಂದ, 1972ರಲ್ಲಿ ಅಟಾರಿ ಕಂಪನಿ ಶುರುಮಾಡಿದ. ಬೀಜ ಒಬ್ಬರದು, ಬೆಳೆ ಇನ್ನೊಬ್ಬರದು. ಈ ಲೆಕ್ಕ ನಮಗೆ ಹೊಸದಲ್ಲ.

1969: ಮೇಲೆ ಒಂದು, ಕೆಳಗೆ ಒಂದು

ಏಳು ವರ್ಷ ಮುಂದೆ ಬನ್ನಿ. 1969ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಎರಡು ಕೆಲಸ ನಡೆದವು. ಒಂದನ್ನು ಜಗತ್ತೆಲ್ಲ ನೋಡಿತು. ಇನ್ನೊಂದನ್ನು ಯಾರೂ ನೋಡಲಿಲ್ಲ.

ಜಗತ್ತು ನೋಡಿದ್ದು ಅಪೊಲೊ 11. ಅದರೊಳಗಿನ ಕಂಪ್ಯೂಟರಿನಲ್ಲಿ ಬದಲಿಸಲಾಗದ ನೆನಪು 36,864 ಪದಗಳಷ್ಟು, ಬರೆದು ಅಳಿಸಬಹುದಾದ ನೆನಪು 2,048 ಪದಗಳಷ್ಟು. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಗುಲಾಬಿಯೂ ಅದರಲ್ಲಿ ಹಿಡಿಯುವುದಿಲ್ಲ. ಆ ಬದಲಿಸಲಾಗದ ನೆನಪನ್ನು ಅಕ್ಷರಶಃ ನೇಯ್ದಿದ್ದರು. ಮ್ಯಾಸಚೂಸೆಟ್ಸ್‌ನ ವಾಲ್ತಮ್ ಎಂಬಲ್ಲಿ ರೇಥಿಯನ್ ಕಾರ್ಖಾನೆಯ ಹೆಣ್ಣುಮಕ್ಕಳು ಎದುರುಬದುರು ಕೂತು ಸಣ್ಣ ಸಣ್ಣ ಉಂಗುರಗಳ ನಡುವೆ ತಾಮ್ರದ ತಂತಿ ಹಾಯಿಸುತ್ತಿದ್ದರು. ತಂತಿ ಉಂಗುರದ ಒಳಗೆ ಹೋದರೆ 1, ಹೊರಗೆ ಹೋದರೆ 0. ಒಂದು ಎಳೆ ತಪ್ಪಿದರೆ ಲೆಕ್ಕ ತಪ್ಪುತ್ತದೆ. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾರ್ಯಕ್ರಮ ಬರೆದ ತಂಡದ ಮುಂದಾಳು ಮಾರ್ಗರೆಟ್ ಹ್ಯಾಮಿಲ್ಟನ್ ಹೆಸರು ಈಗ ಎಲ್ಲರಿಗೂ ಗೊತ್ತು. ನೇಯ್ದವರನ್ನು ನೆನೆಯುವವರು ಕಡಿಮೆ.

ಜುಲೈ 20ರಂದು ನೌಕೆ ಚಂದ್ರನ ಮೇಲೆ ಇಳಿಯುವಾಗ ಕಂಪ್ಯೂಟರ್ 1202 ಎಂಬ ಎಚ್ಚರಿಕೆ ಕೊಟ್ಟಿತು. ನೆಲದ ಮೇಲಿದ್ದ ಸ್ಟೀವ್ ಬೇಲ್ಸ್, 26 ವರ್ಷದ ಹುಡುಗ, ಕೆಲವೇ ಕ್ಷಣದಲ್ಲಿ ಹೇಳಬೇಕು: ಇಳಿಯಬೇಕೋ, ವಾಪಸ್ ಬರಬೇಕೋ? ಇಳಿಯಬಹುದು ಅಂದ. ಹೇಗೆ ಅಷ್ಟು ಧೈರ್ಯ ಬಂತು? ಎರಡು ವಾರ ಹಿಂದೆ ನಡೆದ ಅಣಕು ಇಳಿಯುವಿಕೆಯಲ್ಲಿ ಇಂಥದ್ದೇ ಎಚ್ಚರಿಕೆ ಬಂದಾಗ ಆತ ಹೆದರಿ ರದ್ದು ಮಾಡಿ ಅಂದಿದ್ದ. ತಪ್ಪು ನಿರ್ಧಾರ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ 24 ವರ್ಷದ ಜ್ಯಾಕ್ ಗಾರ್ಮನ್ ಎಂಬ ಇಂಜಿನಿಯರ್ ಎಲ್ಲ ಎಚ್ಚರಿಕೆಗಳ ಅರ್ಥವನ್ನೂ ಕೈಬರಹದಲ್ಲಿ ಒಂದು ಹಾಳೆಯ ಮೇಲೆ ಪಟ್ಟಿ ಮಾಡಿ ಮೇಜಿನ ಮೇಲಿಟ್ಟುಕೊಂಡಿದ್ದ. ಕೆಲಸ ಜಾಸ್ತಿಯಾಗಿದೆ, ಕಂಪ್ಯೂಟರ್ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಮಾಡುತ್ತಿದೆ, ಹೆದರಬೇಡಿ ಎಂಬುದು ಆ ಸಂಖ್ಯೆಯ ಅರ್ಥ. ಅಣಕು ಇಳಿಯುವಿಕೆ ಅಂದರೆ ಏನು? ಅದೂ ಒಂದು ಆಟವೇ. ಆಟದಲ್ಲಿ ಸೋತಿದ್ದರಿಂದ ಚಂದ್ರನ ಮೇಲೆ ಗೆದ್ದರು.

ಯಾರೂ ನೋಡದ ಕೆಲಸ ನಡೆದದ್ದು ನ್ಯೂಜೆರ್ಸಿಯ ಮರ್ರಿ ಹಿಲ್‌ನಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಅದು ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿ ಎಟಿ&ಟಿಯ ಸಂಶೋಧನಾ ಕೇಂದ್ರ. ಅಲ್ಲಿ ಕೆನ್ ಥಾಂಪ್ಸನ್ ಎಂಬ 26 ವರ್ಷದ ಗಡ್ಡದ ಯುವಕನಿದ್ದ. ಆತ ತೊಡಗಿಸಿಕೊಂಡಿದ್ದ ಒಂದು ಭಾರಿ ಯೋಜನೆಯಿಂದ ಕಂಪನಿ ಅದೇ ವರ್ಷ ಕೈ ತೆಗೆದಿತ್ತು. ಕೈಯಲ್ಲಿ ಹೇಳಿಕೊಳ್ಳುವ ಕೆಲಸ ಇರಲಿಲ್ಲ. ಬಿಡುವಿನಲ್ಲಿ ಸ್ಪೇಸ್ ಟ್ರಾವೆಲ್ ಅಂತ ಒಂದು ಆಟ ಬರೆದ. ಸೂರ್ಯ, ಗ್ರಹ, ಉಪಗ್ರಹಗಳು ಅವುಗಳ ಲೆಕ್ಕದಲ್ಲೇ ಸುತ್ತುತ್ತಿರುತ್ತವೆ, ನೀವು ನೌಕೆ ನಡೆಸಿಕೊಂಡು ಹೋಗಿ ಇಳಿಯಬೇಕು. ಶತ್ರು ಇಲ್ಲ, ಗುಂಡು ಇಲ್ಲ, ಅಂಕವೂ ಇಲ್ಲ. ಊರೂರು ಸುತ್ತುವ ಬೈಕ್ ಸವಾರಿಯ ಹಾಗೆ.

ತೊಂದರೆ ಒಂದೇ. ಅದು ಓಡುತ್ತಿದ್ದದ್ದು ಕಂಪನಿಯ ದೊಡ್ಡ ಕಂಪ್ಯೂಟರಿನ ಮೇಲೆ. ಅಲ್ಲಿ ಬಳಸಿದ ಸಮಯಕ್ಕೆಲ್ಲ ಲೆಕ್ಕವಿತ್ತು. ಒಂದು ಸಲ ಆಡಿದರೆ ಸುಮಾರು 75 ಡಾಲರ್ ಖರ್ಚು ಬೀಳುತ್ತಿತ್ತು. ಅದೂ ಚೆನ್ನಾಗಿ ಓಡುತ್ತಿರಲಿಲ್ಲ, ತಡವರಿಸುತ್ತಿತ್ತು. ಅಪೊಲೊದವರ ದುಡ್ಡಿನ ಮುಂದೆ 75 ಡಾಲರ್ ಯಾವ ಲೆಕ್ಕ? ಆದರೆ ಲೆಕ್ಕ ಕೇಳುವವರು ಯಾವಾಗಲೂ ಸಣ್ಣ ದುಡ್ಡಿಗೇ ಕೇಳುತ್ತಾರೆ.

ಮೂಲೆಯಲ್ಲಿದ್ದ ಯಂತ್ರ

ಬೇರೊಂದು ವಿಭಾಗದಲ್ಲಿ ಪಿಡಿಪಿ-7 ಎಂಬ ಹಳೆಯ ಸಣ್ಣ ಕಂಪ್ಯೂಟರ್ ಇತ್ತು. ಅದನ್ನು ಬಳಸುವವರು ಕಡಿಮೆ. ಆದರೆ ಪರದೆ ಚೆನ್ನಾಗಿತ್ತು. ಥಾಂಪ್ಸನ್ ಮತ್ತು ಗೆಳೆಯ ಡೆನಿಸ್ ರಿಚಿ ಸೇರಿ ಆಟವನ್ನು ಅದಕ್ಕೆ ಒಗ್ಗಿಸಿ ಹೊಸದಾಗಿ ಬರೆದರು. ಮೊದಮೊದಲು ದೊಡ್ಡ ಯಂತ್ರದಲ್ಲಿ ತಯಾರು ಮಾಡಿ, ತೂತು ಹೊಡೆದ ಕಾಗದದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಸಣ್ಣದಕ್ಕೆ ತಿನ್ನಿಸಬೇಕಿತ್ತು. ಒಂದು ಅಕ್ಷರ ಬದಲಾಯಿಸಿದರೂ ಮತ್ತೆ ಈ ಓಡಾಟ.

ಈ ಓಡಾಟ ತಪ್ಪಿಸಲು ಸಣ್ಣ ಯಂತ್ರದಲ್ಲೇ ಎಲ್ಲ ಮಾಡುವ ಹಾಗೆ ಇದ್ದರೆ ಒಳ್ಳೆಯದಲ್ಲವೇ? ಅದಕ್ಕೆ ಒಬ್ಬ ಮೇಸ್ತ್ರಿ ಬೇಕು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಸಾಮಾನು ಎಲ್ಲಿಡಬೇಕು ಅಂತ ನೋಡಿಕೊಳ್ಳುವ ಮೇಸ್ತ್ರಿ. ಕಂಪ್ಯೂಟರಿನಲ್ಲಿ ಆ ಮೇಸ್ತ್ರಿಗೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ. ಕರ್ನಲ್ ಅಂದರೆ ಅದರ ತಿರುಳು. ಆ ಬೇಸಿಗೆಯಲ್ಲಿ ಥಾಂಪ್ಸನ್ ಹೆಂಡತಿ ವರ್ಷದ ಮಗುವನ್ನು ಕರೆದುಕೊಂಡು ಅತ್ತೆ ಮಾವನನ್ನು ನೋಡಲು ಹೋದರು. ಮೂರು ವಾರ ಮನೆ ಖಾಲಿ. ಆ ಮೂರು ವಾರದಲ್ಲಿ ಥಾಂಪ್ಸನ್ ಉಳಿದಿದ್ದ ಮುಖ್ಯ ಭಾಗಗಳನ್ನು ಬರೆದು ಮುಗಿಸಿದ. ಯೂನಿಕ್ಸ್ ಹುಟ್ಟಿತು. ಮೂರು ವಾರ ಕೂಸನ್ನು ಒಬ್ಬರೇ ಸಂಭಾಳಿಸಿದವರ ಪಾಲೂ ಅದರಲ್ಲಿದೆ ಅಂತ ನಮ್ಮ ಮನೆಗಳ ಹೆಂಗಸರು ಹೇಳಿದರೆ ನಾನು ಇಲ್ಲ ಅನ್ನಲಾರೆ.

1973ರಲ್ಲಿ ಅದನ್ನು ರಿಚಿ ಕಟ್ಟಿದ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಅದರಿಂದ ಬೇರೆ ಬೇರೆ ಕಂಪನಿಯ ಯಂತ್ರಗಳಿಗೂ ಅದನ್ನು ಒಗ್ಗಿಸುವುದು ಸುಲಭವಾಯಿತು. ಒಂದು ಊರಿನ ಸಸಿ ಎಲ್ಲ ಮಣ್ಣಿನಲ್ಲೂ ಬೇರು ಬಿಡಬಲ್ಲದು ಅಂತಾಯಿತು. ಇನ್ನು ಅದನ್ನು ಹಂಚುವವರು ಬೇಕಿತ್ತು.

ಒಂದು ಕೇಸು ಮಾಡಿದ ಉಪಕಾರ

ಇಲ್ಲಿ ರಾಜಕೀಯ ಬರುತ್ತದೆ. ಅಮೆರಿಕದ ಟೆಲಿಫೋನ್ ಹೆಚ್ಚುಕಡಿಮೆ ಎಲ್ಲವೂ ಎಟಿ&ಟಿ ಕೈಯಲ್ಲಿತ್ತು. ಇಷ್ಟು ದೊಡ್ಡ ಏಕಸ್ವಾಮ್ಯ ಒಳ್ಳೆಯದಲ್ಲ ಅಂತ ಸರ್ಕಾರ 1949ರಲ್ಲಿ ಕೇಸು ಹಾಕಿತು. 1956ರಲ್ಲಿ ರಾಜಿಯಾಯಿತು. ಕಂಪನಿಯನ್ನು ಒಡೆಯಲಿಲ್ಲ. ಆದರೆ ನೀವು ಟೆಲಿಫೋನ್ ವ್ಯವಹಾರ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈ ಹಾಕಬಾರದು, ನಿಮ್ಮ ಪೇಟೆಂಟುಗಳನ್ನು ಕೇಳಿದವರಿಗೆ ಬಳಸಲು ಕೊಡಬೇಕು ಅಂತ ಷರತ್ತು ಬಿತ್ತು.

ಹದಿಮೂರು ವರ್ಷ ಆದ ಮೇಲೆ ಅದೇ ಕಂಪನಿಯ ಮೂಲೆಯಲ್ಲಿ ಯೂನಿಕ್ಸ್ ಹುಟ್ಟಿದಾಗ ಈ ಷರತ್ತು ಕೆಲಸ ಮಾಡಿತು. ಕಂಪ್ಯೂಟರ್ ವ್ಯಾಪಾರ ಮಾಡುವಂತಿಲ್ಲ, ಹಾಗಾಗಿ ಮಾರಲಾಗದು. ವಿಶ್ವವಿದ್ಯಾಲಯಗಳು ಕೇಳಿದವು, ಕಂಪನಿ ನಾಮಮಾತ್ರ ಬೆಲೆಗೆ ಕೊಟ್ಟಿತು, ಸೋರ್ಸ್ ಕೋಡ್ ಸಮೇತ. ಸೋರ್ಸ್ ಕೋಡ್ ಅಂದರೆ ಮಾಡುವ ವಿಧಾನ ಪೂರ್ತಿ ಬರೆದಿಟ್ಟ ಚೀಟಿ. ಅಂಗಡಿಯ ಸಾಂಬಾರ್ ಪುಡಿ ಪ್ಯಾಕೆಟ್ ತಂದರೆ ಸಾಂಬಾರ್ ಆಗುತ್ತದೆ, ಆದರೆ ಖಾರ ಕಡಿಮೆ ಮಾಡಲಾಗದು. ಅಜ್ಜಿ ಬರೆಸಿದ ಚೀಟಿ ಇದ್ದರೆ ನಿಮ್ಮ ಮನೆಯ ನಾಲಿಗೆಗೆ ತಕ್ಕ ಹಾಗೆ ಬದಲಾಯಿಸಬಹುದು, ಪಕ್ಕದ ಮನೆಗೂ ಕೊಡಬಹುದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಆ ಚೀಟಿಗೆ ತನ್ನದೇ ಎಷ್ಟೋ ಸೇರಿಸಿತು. ಇವತ್ತಿನ ಐಫೋನಿನ ಒಳಗೂ ಆ ಬರ್ಕ್ಲಿ ವಂಶದ ಅಂಶವಿದೆ.

ಕೇಸು ಹಾಕಿದ ಸರ್ಕಾರದವರಿಗೆ ಯೂನಿಕ್ಸ್ ಎಂಬ ಹೆಸರೂ ಗೊತ್ತಿರಲಿಲ್ಲ. ರಾಜಕಾರಣಿಗಳು ಕಂಪ್ಯೂಟರಿಗೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಒಂದು, ಅವರಿಗೆ ತಿಳಿಯದೇ ಆದದ್ದು. ತಿಳಿದು ಮಾಡಿದ್ದರೆ ಉದ್ಘಾಟನೆ, ಫಲಕ, ಹಾರ ಎಲ್ಲ ಆಗಿ ಕೆಲಸ ಮಾತ್ರ ಬಾಕಿ ಉಳಿಯುತ್ತಿತ್ತೇನೋ.

ಜೆರಾಕ್ಸ್ ಪುಸ್ತಕ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಎಂಬ ಮೇಷ್ಟ್ರಿದ್ದರು. 1977ರ ಹೊತ್ತಿಗೆ ಅವರು ಯೂನಿಕ್ಸ್ ಕರ್ನಲ್‌ನ ಕೋಡನ್ನು ಪೂರ್ತಿ ಮುದ್ರಿಸಿ, ಅದರ ಭಾಗ ಭಾಗಕ್ಕೂ ಅರ್ಥ ಬರೆದರು. ಹುಡುಗರು ನಿಜವಾದ ಯಂತ್ರದ ಹೊಟ್ಟೆ ಬಗೆದು ನೋಡಿ ಕಲಿಯಲಿ ಅಂತ. ನಮ್ಮಲ್ಲಿ ಹಳೆಗನ್ನಡ ಕಾವ್ಯಕ್ಕೆ ಟೀಕೆ ಬರೆದ ಪಂಡಿತರು ಇದ್ದಾರಲ್ಲ, ಅಂಥ ಕೆಲಸ.

1979ರಲ್ಲಿ ಬಂದ ಏಳನೇ ಆವೃತ್ತಿಯ ಜೊತೆ ಎಟಿ&ಟಿ ಹೊಸ ಷರತ್ತು ಹಾಕಿತು: ಈ ಕೋಡನ್ನು ತರಗತಿಯಲ್ಲಿ ಪಾಠ ಮಾಡುವಂತಿಲ್ಲ. ಮತ್ತೆ ಬಾಗಿಲು ಹಾಕಿತು. ಲಯನ್ಸ್ ಪುಸ್ತಕ ಅಚ್ಚಾಗಿ ಅಂಗಡಿಗೆ ಬರುವಂತಿರಲಿಲ್ಲ. ಆಗ ಶುರುವಾಯಿತು ಜೆರಾಕ್ಸ್. ಪ್ರತಿಯ ಪ್ರತಿ, ಅದರ ಪ್ರತಿ, ಅಕ್ಷರ ಮಸುಕಾಗುವ ತನಕ. ಒಂದು ತಲೆಮಾರಿನ ಇಂಜಿನಿಯರುಗಳು ಜಗತ್ತಿನ ತುಂಬ ಆ ಮಸುಕು ಹಾಳೆಗಳಲ್ಲೇ ಕಲಿತರು. ಪುಸ್ತಕ ಕಾನೂನುಬದ್ಧವಾಗಿ ಅಚ್ಚಾದದ್ದು 1996ರಲ್ಲಿ. ಪರೀಕ್ಷೆ ಹಿಂದಿನ ದಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ನೋಟ್ಸ್ ಜೆರಾಕ್ಸ್ ಮಾಡಿಸಿದವರಿಗೆಲ್ಲ ಈ ಪುಸ್ತಕ ನೆಂಟನೇ.

1984ರ ಜನವರಿ 1ರಂದು ಎಟಿ&ಟಿ ಕೊನೆಗೂ ಒಡೆದು ಹಂಚಿಹೋಯಿತು. ಒಡೆದದ್ದಕ್ಕೆ ಬದಲಾಗಿ ಕಂಪ್ಯೂಟರ್ ವ್ಯಾಪಾರ ಮಾಡುವ ಸ್ವಾತಂತ್ರ್ಯ ಸಿಕ್ಕಿತು. ಯೂನಿಕ್ಸ್ ಈಗ ಮಾರುವ ಸರಕು. ಇದಕ್ಕೆ ಸ್ವಲ್ಪ ಮೊದಲೇ, 1983ರ ಸೆಪ್ಟೆಂಬರಿನಲ್ಲಿ, ಎಂಐಟಿಯ ರಿಚರ್ಡ್ ಸ್ಟಾಲ್ಮನ್ ಹೊಸ ಕೆಲಸವೊಂದನ್ನು ಘೋಷಿಸಿದ್ದ. ಯೂನಿಕ್ಸ್ ಹಾಗೇ ಇರುವ, ಆದರೆ ಯಾರು ಬೇಕಾದರೂ ನೋಡಿ ತಿದ್ದಿ ಹಂಚಬಹುದಾದ ವ್ಯವಸ್ಥೆ. ಹೆಸರು ಗ್ನೂ. ಅದಕ್ಕೆಂದು ಆತ ರೂಪಿಸಿದ ಪರವಾನಗಿಯ ಸಾರ ಇಷ್ಟೇ: ತೆಗೆದುಕೋ, ಬದಲಾಯಿಸು, ಹಂಚು, ಆದರೆ ನೀನು ಹಂಚುವಾಗ ಚೀಟಿಯನ್ನೂ ಕೊಡು. ಇನ್ನೊಂದು ಕಡೆ, ಪಾಠ ಮಾಡಲು ಕೋಡ್ ಇಲ್ಲವಲ್ಲ ಅಂತ ನೆದರ್‌ಲೆಂಡ್ಸ್‌ನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ 1987ರಲ್ಲಿ ತಾನೇ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆ ಬರೆದು ಪುಸ್ತಕದ ಜೊತೆ ಕೊಟ್ಟರು.

1991ರ ಜನವರಿಯಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ 21ರ ವಿದ್ಯಾರ್ಥಿ ಹೊಸ ಕಂಪ್ಯೂಟರ್ ಕೊಂಡ. ತರಿಸಿದ ಮಿನಿಕ್ಸ್ ಇನ್ನೂ ಬಂದಿರಲಿಲ್ಲ. ಬರುವ ತನಕ ಹುಡುಗ ಏನು ಮಾಡಿದ? ಪ್ರಿನ್ಸ್ ಆಫ್ ಪರ್ಷಿಯಾ ಆಟ ಆಡಿಕೊಂಡಿದ್ದ. ಅದೇ ವರ್ಷ ಆಗಸ್ಟ್ 25ರಂದು, ನಾನೊಂದು ಸಣ್ಣ ಆಪರೇಟಿಂಗ್ ಸಿಸ್ಟಮ್ ಮಾಡುತ್ತಿದ್ದೇನೆ ಅಂತ ಸಂಕೋಚದಿಂದ ಪ್ರಕಟಿಸಿದ. 1992ರಲ್ಲಿ ಅದನ್ನು ಸ್ಟಾಲ್ಮನ್ ಪರವಾನಗಿಯ ಅಡಿಯಲ್ಲಿ ತಂದ. ಅದೇ ಲಿನಕ್ಸ್. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದಾಗ ಅದರ ತಿರುಳಾಗಿ ಇದ್ದದ್ದು ಲಿನಕ್ಸ್ ಕರ್ನಲ್. ನೀವು ಈಗ ಸೆಟ್ಟಿಂಗ್ಸ್‌ನಲ್ಲಿ ನೋಡಿದ ಅಂಕಿ ಅದರದ್ದು.

ಥಾಂಪ್ಸನ್ ಬರೆದ ಕೋಡಿನ ಸಾಲುಗಳು ನಿಮ್ಮ ಫೋನಿನಲ್ಲಿಲ್ಲ. ಲೀನಸ್ ಎಲ್ಲವನ್ನೂ ಹೊಸದಾಗಿ ಬರೆದ. ಆದರೆ ಮನೆಯ ನಕ್ಷೆ ಅದೇ. ತಾತ ಕಟ್ಟಿದ ತೊಟ್ಟಿಮನೆಯ ಅಳತೆಯಲ್ಲೇ ಮೊಮ್ಮಗ ಸಿಮೆಂಟಿನ ಮನೆ ಕಟ್ಟಿದ ಹಾಗೆ.

ದೇಶಕ್ಕೂ ಹೇಳುತ್ತಾರೆ

'ಮುಟ್ಟಬೇಡ' ಅಂತ ಮಕ್ಕಳಿಗೆ ಮಾತ್ರ ಹೇಳುವುದಿಲ್ಲ, ದೇಶಗಳಿಗೂ ಹೇಳುತ್ತಾರೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕ್ರೇ ಕಂಪನಿಯ ಸೂಪರ್‌ಕಂಪ್ಯೂಟರ್ ಬೇಕೆಂದು ಭಾರತ ಅಮೆರಿಕವನ್ನು ಕೇಳಿತು. ಅಣ್ವಸ್ತ್ರಕ್ಕೆ ಬಳಸಬಹುದೆಂಬ ಅನುಮಾನದಿಂದ ಅಮೆರಿಕ ಕೊಡಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಅದಕ್ಕಿಂತ ಕಡಿಮೆ ಶಕ್ತಿಯ ಒಂದನ್ನು, ಕಟ್ಟುನಿಟ್ಟಿನ ಷರತ್ತು ಹಾಕಿ, ದೆಹಲಿಗೆ ಕೊಟ್ಟಿತು. ಮಳೆ ಬರುತ್ತದೋ ಇಲ್ಲವೋ ನೋಡಬಹುದು, ಬೇರೆ ಏನನ್ನೂ ನೋಡಬಾರದು.

ಇತ್ತ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್, ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕಕ್ಕೆಂದು 1986ರಲ್ಲೇ ಫ್ಲೋಸಾಲ್ವರ್ ಎಂಬ ಯಂತ್ರ ಕಟ್ಟಿಕೊಂಡಿತ್ತು. ಒಂದು ದೊಡ್ಡ ಎತ್ತು ಸಿಗದಿದ್ದರೆ ನಾಲ್ಕು ಸಣ್ಣ ಎತ್ತು ಕಟ್ಟಿ ಎಳೆಸುವ ಉಪಾಯ: ಹಲವು ಸಾಧಾರಣ ಪ್ರೊಸೆಸರುಗಳನ್ನು ಜೋಡಿಸಿ ಲೆಕ್ಕ ಹಂಚಿ ಮಾಡಿಸುವುದು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾಯಿತು, 1991ರಲ್ಲಿ ಅದೇ ಉಪಾಯದಲ್ಲಿ ಪರಮ್ 8000 ತಯಾರಾಯಿತು. ಬಾಗಿಲು ಹಾಕಿದವರಿಗೆ ಧನ್ಯವಾದ ಹೇಳಬೇಕಾಗಿಲ್ಲ. ಆದರೆ ಬಾಗಿಲು ಹಾಕಿದ ಕಡೆಯೆಲ್ಲ ಯಾರೋ ಒಬ್ಬರು ತಮ್ಮದೇ ಬಾಗಿಲು ಕೆತ್ತಿಕೊಂಡಿರುವುದು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಎರಡು ಏಪ್ರಿಲ್ 19

1975ರ ಏಪ್ರಿಲ್ 19. ಭಾರತದ ಮೊದಲ ಉಪಗ್ರಹ ಆರ್ಯಭಟ ಸೋವಿಯತ್ ರಾಕೆಟ್ ಏರಿ ಮೇಲೆ ಹೋಯಿತು. ಸುಮಾರು 360 ಕಿಲೋ ತೂಕದ ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಕಟ್ಟಿಸಿದವರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. ತಂಡದ ಬಹುಪಾಲು ಹುಡುಗರು ಅದುವರೆಗೆ ಉಪಗ್ರಹ ಮಾಡಿದ್ದಿರಲಿ, ನೋಡಿಯೂ ಇರಲಿಲ್ಲ. ಮೇಲೆ ಹೋದ ನಾಲ್ಕನೇ ದಿನ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತವು. ಹಾಗೆಂದು ಯಾರೂ "ಇನ್ನು ಮುಟ್ಟಬೇಡಿ" ಅನ್ನಲಿಲ್ಲ. ಬದಲಿಗೆ ಅದರ ಚಿತ್ರವನ್ನು 2 ರೂಪಾಯಿ ನೋಟಿನ ಹಿಂದೆ ಅಚ್ಚು ಹಾಕಿದರು. ಮನೆಯ ಹಳೇ ಟ್ರಂಕಿನಲ್ಲಿ ಆ ನೋಟು ಇದ್ದರೆ ತೆಗೆದು ನೋಡಿ. ಪೀಣ್ಯದ ಶೆಡ್ಡಿನಲ್ಲಿ ಕೈ ಕೆಸರು ಮಾಡಿಕೊಂಡು ಕಲಿತ ಆ ಪಾಠವೇ ಮುಂದಿನ ಉಪಗ್ರಹಗಳಿಗೆ ತಳಪಾಯ.

2021ರ ಏಪ್ರಿಲ್ 19. ಸರಿಯಾಗಿ 46 ವರ್ಷ. ಮಂಗಳ ಗ್ರಹದ ಮೇಲೆ ನಾಸಾದ ಇಂಜೆನ್ಯುಯಿಟಿ ಎಂಬ 1.8 ಕಿಲೋದ ಪುಟ್ಟ ಹೆಲಿಕಾಪ್ಟರ್ ನೆಲ ಬಿಟ್ಟು 3 ಮೀಟರ್ ಮೇಲೆದ್ದಿತು, 39 ಸೆಕೆಂಡು ಹಾರಿತು. ಇನ್ನೊಂದು ಗ್ರಹದಲ್ಲಿ ಯಂತ್ರವೊಂದು ಹೀಗೆ ಹಾರಿದ್ದು ಅದೇ ಮೊದಲು. ಐದು ಸಲ ಹಾರಿದರೆ ಸಾಕು ಅಂದುಕೊಂಡಿದ್ದರು, 72 ಸಲ ಹಾರಿತು. ಅದರ ಮುಖ್ಯ ಚಿಪ್ ಸ್ನ್ಯಾಪ್‌ಡ್ರ್ಯಾಗನ್ 801, ಅಂದರೆ 2014ರ ಹೊತ್ತಿನ ಮೊಬೈಲ್ ಫೋನುಗಳಲ್ಲಿ ಇದ್ದದ್ದು. ಅದರ ಮೇಲೆ ಓಡುತ್ತಿದ್ದದ್ದು ಲಿನಕ್ಸ್. ಗ್ರಹದಿಂದ ಗ್ರಹಕ್ಕೆ ನೌಕೆ ನಡೆಸುವ ಆಟವೊಂದರಿಂದ ಶುರುವಾದ ವಂಶ, ಕೊನೆಗೆ ನಿಜವಾಗಿಯೂ ಗ್ರಹ ಮುಟ್ಟಿತು.

ಆಡುವ ಆಟ, ಆಡಿಸುವ ಆಟ

ಹಾಗಾದರೆ ಮಗ ರಾತ್ರಿಯೆಲ್ಲ ಫೋನಿನಲ್ಲಿ ಗುಂಡು ಹೊಡೆಯುತ್ತಾ ಕೂತರೆ ನಾಳೆ ಮಂಗಳಕ್ಕೆ ಹೋಗುತ್ತಾನಾ ಅಂತ ನೀವು ಕೇಳಬಹುದು. ಇಲ್ಲ. ರಸೆಲ್ ಆಟ ಆಡಿದ್ದಕ್ಕಿಂತ ಕಟ್ಟಿದ್ದು ಹೆಚ್ಚು. ಅವನ ಆಟದ ಹೊಟ್ಟೆ ಬಿಚ್ಚಿ ಇನ್ನೊಬ್ಬ ಗುರುತ್ವ ಸೇರಿಸಬಹುದಿತ್ತು, ಮತ್ತೊಬ್ಬ ಆಕಾಶ ಸೇರಿಸಬಹುದಿತ್ತು. ಇವತ್ತಿನ ಬಹಳಷ್ಟು ಆಟಗಳು ಹಾಗಿಲ್ಲ. ಅಲ್ಲಿ ಮಗು ಆಟ ಆಡುವುದಕ್ಕಿಂತ ಆಟವೇ ಮಗುವನ್ನು ಆಡಿಸುವುದು ಜಾಸ್ತಿ. ದುಡ್ಡು ಕಟ್ಟಿ ಆಡುವ ರಮ್ಮಿ ಆ್ಯಪುಗಳಲ್ಲಂತೂ ದೊಡ್ಡವರೇ ಮನೆ ಮಠ ಕಳೆದುಕೊಂಡರು. ಅಂಥ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನು ತಂದು ನಿಷೇಧಿಸಬೇಕಾಯಿತು.

ಫೋನಿನ ಮಾತೂ ಹಾಗೇ. ತಿರುಳು ತೆರೆದಿದ್ದರೂ ಮೇಲೆ ಹೊದಿಸಿದ ಹೊದಿಕೆ ಎಷ್ಟೋ ಫೋನುಗಳಲ್ಲಿ ಬೀಗ ಹಾಕಿದ್ದು. ದುಡ್ಡು ಕೊಟ್ಟು ಕೊಂಡಿದ್ದರೂ ಬೇಡದ ಆ್ಯಪ್ ತೆಗೆಯಲು ಬಿಡುವುದಿಲ್ಲ. ನಾಲ್ಕು ವರ್ಷ ಆದರೆ ಹೊಸ ಆವೃತ್ತಿ ಬರುವುದಿಲ್ಲ, ಹೊಸ ಫೋನ್ ಕೊಳ್ಳಿ ಅನ್ನುತ್ತದೆ. ಟವೆಲ್ ಹೊದಿಸಿ ಬೀಗ ಹಾಕಿದ ಆ ಕಂಪ್ಯೂಟರ್ ರೂಮು ಈಗ ನಮ್ಮ ಜೇಬಿಗೇ ಬಂದಿದೆ.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಯಾರದೋ ಮನೆಯ ಅಟ್ಟದ ಮೇಲೆ, ಪಂಚಾಯಿತಿ ಮೂಲೆಯಲ್ಲಿ, ಶಾಲೆಯ ಸ್ಟೋರ್ ರೂಮಿನಲ್ಲಿ ವಿಂಡೋಸ್ ಎಳೆಯಲಾರದೆ ಬಿದ್ದ ಹಳೆಯ ಕಂಪ್ಯೂಟರ್ ಇರುತ್ತದೆ. ಹಗುರವಾದ ಲಿನಕ್ಸ್ ಅದರಲ್ಲಿ ಹಲವು ಸಲ ಚೆನ್ನಾಗಿಯೇ ಓಡುತ್ತದೆ. ದುಡ್ಡು ಬೇಡ, ಯಾರ ಅಪ್ಪಣೆಯೂ ಬೇಡ. ಕನ್ನಡದಲ್ಲೂ ಬಳಸಬಹುದು. ಥಾಂಪ್ಸನ್‌ಗೆ ಸಿಕ್ಕಿದ್ದೂ ಮೂಲೆಯಲ್ಲಿದ್ದ ಹಳೆಯ ಯಂತ್ರವೇ ಅನ್ನುವುದನ್ನು ಮರೆಯಬೇಡಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಅದರ ಮುಂದೆ ಕೂರಿಸಿ, ಒಂದು ವಾರ ಏನೂ ಹೇಳಬೇಡಿ. ಏನೋ ಅಳಿಸುತ್ತಾಳೆ, ಏನೋ ಕೆಡಿಸುತ್ತಾಳೆ. ಮತ್ತೆ ಹಾಕಿಕೊಂಡರಾಯಿತು, ಅರ್ಧ ಗಂಟೆ ಕೆಲಸ.

ಮೊದಲ ದಿನ ಚಪ್ಪಲಿ ಹಾಕಿಕೊಂಡೇ ಬರಲಿ. ಟವೆಲ್ಲನ್ನು ಕೈ ಒರೆಸಲು ಇಟ್ಟುಕೊಳ್ಳಲಿ.